ಸೂಜಿಗಿಂತ ಮೊದಲು ಸತ್ಯ

ಮಗಳೇ,

ಮುಂದಿನ ತಿಂಗಳು ನಿನಗೆ 18 ತುಂಬುತ್ತದೆ. ಮತದಾರರ ಪಟ್ಟಿಗೆ ಹೆಸರು ಸೇರಿಸಲು, ಗಾಡಿಯ ಲೈಸೆನ್ಸಿಗೆ ಅರ್ಜಿ ಹಾಕಲು ನಿಮ್ಮಪ್ಪ ಈಗಲೇ ದಾಖಲೆ ಹೊಂದಿಸುತ್ತಿದ್ದಾರಂತೆ. ಅದೇ ದಿನದಿಂದ ನಿನಗೆ ಇನ್ನೊಂದು ಅಧಿಕಾರವೂ ಬರುತ್ತದೆ. ನೀನು ರಕ್ತ ಕೊಡಬಹುದು. ಕಾಲೇಜಿನ ಎನ್‌ಎಸ್‌ಎಸ್ ಶಿಬಿರಕ್ಕೆ ಹೆಸರು ಬರೆಸಿದ್ದೇನೆ ಎಂದು ನೀನು ಫೋನಿನಲ್ಲಿ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಜೊತೆಗೇ ಒಂದು ಪ್ರಶ್ನೆಯನ್ನೂ ಕೇಳಿದೆ: "ದೊಡ್ಡಮ್ಮ, ನನ್ನ ಫ್ರೆಂಡನ್ನ ಹೋದ ವರ್ಷ ಆಗಲ್ಲ ಅಂತ ವಾಪಸ್ ಕಳಿಸಿದ್ರಂತೆ. ಎಲ್ಲರ ಮುಂದೆ ಅವಮಾನ ಆಯ್ತಂತೆ. ನನಗೂ ಹಾಗೇ ಆದ್ರೆ?"

ಎರಡು ಮಾತಿನಲ್ಲಿ ಹೇಳಿ ಮುಗಿಸುವ ಪ್ರಶ್ನೆ ಇದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸರ್ಕಾರಿ ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್ ಆಗಿ ದುಡಿದು ನಿವೃತ್ತಳಾದವಳು ನಾನು. ರಕ್ತ ಕೊಟ್ಟವರನ್ನು ಕಂಡಿದ್ದೇನೆ, ಕೊಡಲು ಬಂದು ಹಿಂದಿರುಗಿದವರನ್ನು ಕಂಡಿದ್ದೇನೆ, ರಕ್ತಕ್ಕಾಗಿ ಕಿಟಕಿಯ ಮುಂದೆ ಕೈಮುಗಿದು ನಿಂತವರನ್ನೂ ಕಂಡಿದ್ದೇನೆ. ಇಷ್ಟೆಲ್ಲ ಕಂಡ ಮೇಲೆ ಉಳಿದಿರುವ ಗಟ್ಟಿ ನಂಬಿಕೆ ಒಂದೇ. ದಾನಿಯ ದೊಡ್ಡತನ ತೋಳು ಚಾಚುವ ಮೊದಲೇ, ವೈದ್ಯರ ಪ್ರಶ್ನೆಗೆ ಉತ್ತರ ಕೊಡುವಾಗಲೇ ಗೊತ್ತಾಗುತ್ತದೆ. ಸುಳ್ಳು ಹೇಳಿ ರಕ್ತ ಕೊಟ್ಟವಳಿಗಿಂತ ನಿಜ ಹೇಳಿ ವಾಪಸ್ ಹೋದವಳು ರೋಗಿಗೆ ಹೆಚ್ಚು ಉಪಕಾರ ಮಾಡಿರುತ್ತಾಳೆ.

ಮೊದಲು ಯಾರು ಕೊಡಬಹುದು ಎಂಬುದನ್ನು ತಿಳಿದುಕೋ. ನಮ್ಮ ದೇಶದ ನಿಯಮದ ಪ್ರಕಾರ 18ರಿಂದ 65 ವರ್ಷದವರೆಗಿನ ಆರೋಗ್ಯವಂತರು ರಕ್ತ ಕೊಡಬಹುದು; ಮೊಟ್ಟಮೊದಲ ಸಲ ಕೊಡುವವರಿಗೆ 60 ದಾಟಿರಬಾರದು. ತೂಕ ಕನಿಷ್ಠ 45 ಕಿಲೋ ಇದ್ದರೆ 350 ಮಿಲಿಲೀಟರ್ ತೆಗೆಯುತ್ತಾರೆ, 55 ಕಿಲೋ ದಾಟಿದವರಿಂದ 450ರವರೆಗೂ ತೆಗೆಯಬಹುದು. ಹಿಮೋಗ್ಲೋಬಿನ್ 12.5 ಗ್ರಾಂಗಿಂತ ಕಡಿಮೆ ಇರಬಾರದು. ನಾಡಿ ನಿಮಿಷಕ್ಕೆ 60ರಿಂದ 100ರ ಒಳಗೆ, ಬಿ.ಪಿ. ಮೇಲಿನದು 100ರಿಂದ 140, ಕೆಳಗಿನದು 60ರಿಂದ 90ರ ಒಳಗೆ ಇರಬೇಕು. ಮೈಯಲ್ಲಿ ಜ್ವರ ಇರಬಾರದು.

ತೂಕದ ಲೆಕ್ಕ ಯಾಕೆಂದರೆ, ರಕ್ತ ಎಲ್ಲರ ಮೈಯಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಒಂದು ಕಿಲೋ ತೂಕಕ್ಕೆ ಸುಮಾರು 70 ಮಿಲಿಲೀಟರ್ ಎಂದು ಹಿಡಿದರೆ 45 ಕಿಲೋದ ಹುಡುಗಿಯಲ್ಲಿ ಮೂರು ಲೀಟರಿಗಿಂತ ಸ್ವಲ್ಪ ಹೆಚ್ಚು ಇರುತ್ತದೆ. ಅದರಲ್ಲಿ 350 ತೆಗೆದರೆ ಹತ್ತರಲ್ಲೊಂದು ಪಾಲಿನ ಆಸುಪಾಸು ಆಯಿತು. ಅಷ್ಟನ್ನು ದೇಹ ತಡೆದುಕೊಳ್ಳುತ್ತದೆ. 40 ಕಿಲೋದವಳಿಂದ ಅಷ್ಟೇ ತೆಗೆದರೆ ಅವಳು ಅಲ್ಲೇ ತಲೆಸುತ್ತಿ ಬೀಳಬಹುದು. ತೂಕದ ಯಂತ್ರದ ಮೇಲೆ ನಿಲ್ಲುವಾಗ ಕೆಲವು ಹುಡುಗಿಯರು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ನಿಲ್ಲುವುದನ್ನು ನೋಡಿದ್ದೇನೆ. ಹಾಗೆ ಮಾಡಬೇಡ. ಆ ಎರಡು ಕಿಲೋ ಪುಸ್ತಕದಲ್ಲಿ ರಕ್ತ ಇರುವುದಿಲ್ಲ.

ಇನ್ನು ಹಿಮೋಗ್ಲೋಬಿನ್. ನಿನ್ನ ಗೆಳತಿಯನ್ನು ವಾಪಸ್ ಕಳಿಸಿದ್ದು ಬಹುಶಃ ಇದೇ ಕಾರಣಕ್ಕೆ. ನಮ್ಮ ಹೆಣ್ಣುಮಕ್ಕಳಲ್ಲಿ ಅತಿ ಹೆಚ್ಚು ಕಂಡುಬರುವ ಕಾರಣ ಇದೇ. ಶಿಬಿರದಲ್ಲಿ ಇದನ್ನು ನೋಡುವ ಹಳೆಯ ವಿಧಾನವೊಂದಿದೆ. ಗಾಜಿನ ಪಾತ್ರೆಯಲ್ಲಿ ತಿಳಿನೀಲಿ ಬಣ್ಣದ ಮೈಲುತುತ್ತದ ದ್ರಾವಣ ಇಟ್ಟಿರುತ್ತಾರೆ. ಬೆರಳ ತುದಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಚುಚ್ಚಿ, ಸಣ್ಣ ನಳಿಕೆಯಲ್ಲಿ ರಕ್ತ ಹೀರಿ ಒಂದು ಹನಿಯನ್ನು ಅದರೊಳಗೆ ಬಿಡುತ್ತಾರೆ. ದ್ರಾವಣದ ಸಾಂದ್ರತೆಯನ್ನು 12.5 ಗ್ರಾಂ ಹಿಮೋಗ್ಲೋಬಿನ್ ಇರುವ ರಕ್ತಕ್ಕೆ ಸರಿಹೊಂದುವಂತೆ ಇಟ್ಟಿರುವುದರಿಂದ ಸಾಕಷ್ಟು ಹಿಮೋಗ್ಲೋಬಿನ್ ಇದ್ದರೆ ಹನಿ ಸೀದಾ ತಳಕ್ಕೆ ಇಳಿಯುತ್ತದೆ. ಕಡಿಮೆ ಇದ್ದರೆ ಮೇಲೆಯೇ ತೇಲುತ್ತದೆ, ಇಲ್ಲವೇ ಅರ್ಧಕ್ಕೆ ಇಳಿದು ಮತ್ತೆ ಮೇಲೇರುತ್ತದೆ. ಈಗ ಹೆಚ್ಚಿನ ಕಡೆ ಕೈಯಲ್ಲಿ ಹಿಡಿಯುವಂಥ ಚಿಕ್ಕ ಯಂತ್ರ ಬಂದಿದೆ, ಅಂಕಿಯನ್ನೇ ತೋರಿಸುತ್ತದೆ.

ಹನಿ ತೇಲಿತು ಎಂದ ಮಾತ್ರಕ್ಕೆ ಹುಡುಗಿ ರೋಗಿಷ್ಠೆ ಎಂದೇನೂ ಅರ್ಥವಲ್ಲ. ಬಸುರಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. 12.2 ಇದ್ದವಳು ತನ್ನ ಮಟ್ಟಿಗೆ ಚೆನ್ನಾಗಿಯೇ ಇರುತ್ತಾಳೆ. ಆದರೆ ಇನ್ನೊಬ್ಬರಿಗೆ ಕೊಟ್ಟ ಮೇಲೆ ಅವಳಲ್ಲಿ ಏನು ಉಳಿಯುತ್ತದೆ ಎಂಬುದನ್ನು ನಾವು ನೋಡಬೇಕು. ಅಂಥವಳಿಂದ ರಕ್ತ ತೆಗೆಯುವುದೆಂದರೆ ಬಿತ್ತನೆಗೆಂದು ಎತ್ತಿಟ್ಟ ಕಾಳನ್ನು ಒಲೆಗೆ ಏರಿಸಿದ ಹಾಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಕಂಡಿತು. ಕರ್ನಾಟಕದಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ಅಭ್ಯಾಸಕ್ಕೆ ಇದರಲ್ಲಿ ದೊಡ್ಡ ಪಾಲಿದೆ. ನಿಮ್ಮಮ್ಮನನ್ನೂ ಒಮ್ಮೆ ಪರೀಕ್ಷೆ ಮಾಡಿಸು.

ಗೆಳತಿಗೆ ಹೀಗೆ ಹೇಳು. ಬೇಸರ ಬಿಟ್ಟು ಮೊದಲು ವೈದ್ಯರ ಹತ್ತಿರ ಹೋಗಿ ಕಾರಣ ತಿಳಿದುಕೊಳ್ಳಲಿ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದೆಯೋ, ಹೊಟ್ಟೆಯಲ್ಲಿ ಕೊಕ್ಕೆಹುಳ ಇದೆಯೋ, ಊಟದಲ್ಲಿ ಕಬ್ಬಿಣದ ಅಂಶ ಸಾಲದೋ ಎಂದು ಅವರು ನೋಡುತ್ತಾರೆ. ನುಗ್ಗೆಸೊಪ್ಪು, ಹರಿವೆ, ಹುರುಳಿಕಾಳು, ಎಳ್ಳು ಊಟದಲ್ಲಿ ಇರಲಿ. ಮಾಂಸ ತಿನ್ನುವವರಾದರೆ ಈಲಿ ಬಹಳ ಒಳ್ಳೆಯದು. ಪಲ್ಯದ ಮೇಲೆ ಒಂದಿಷ್ಟು ನಿಂಬೆರಸ ಹಿಂಡಿಕೊಂಡರೆ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಅದೇ ಕಬ್ಬಿಣ ಹಾಳಾಗುತ್ತದೆ, ಒಂದು ಗಂಟೆ ಬಿಟ್ಟು ಕುಡಿಯಲಿ. ವೈದ್ಯರು ಮಾತ್ರೆ ಬರೆದುಕೊಟ್ಟರೆ ತಪ್ಪದೆ ನುಂಗಲಿ. ಕೆಲವು ತಿಂಗಳ ನಂತರ ಅವಳೇ ನಿನ್ನ ಪಕ್ಕದ ಮಂಚದಲ್ಲಿ ಮಲಗಿ ರಕ್ತ ಕೊಡಬಹುದು. ತನಗೇ ಗೊತ್ತಿಲ್ಲದ ಕೊರತೆಯನ್ನು ಒಂದು ರೂಪಾಯಿ ಖರ್ಚಿಲ್ಲದೆ ತೋರಿಸಿಕೊಟ್ಟ ಶಿಬಿರ ಅವಳಿಗೆ ಒಳ್ಳೆಯದನ್ನೇ ಮಾಡಿದೆ.

ಒಮ್ಮೆ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ರಕ್ತದ ನೀರಿನಂಶ ಒಂದೆರಡು ದಿನದಲ್ಲೇ ತುಂಬಿಕೊಳ್ಳುತ್ತದೆ, ಕೆಂಪುಕಣಗಳು ಕೆಲವು ವಾರಗಳಲ್ಲಿ ಹುಟ್ಟುತ್ತವೆ. ಕಬ್ಬಿಣದ ದಾಸ್ತಾನು ತುಂಬಲು ತಿಂಗಳುಗಳೇ ಬೇಕು. ತಿಂಗಳು ತಿಂಗಳು ಮುಟ್ಟಾಗುವ ಹೆಣ್ಣಿಗೆ ಇನ್ನೂ ಹೆಚ್ಚು ಸಮಯ ಹಿಡಿಯುತ್ತದೆ, ಅದಕ್ಕೇ ನಮಗೆ 30 ದಿನ ಜಾಸ್ತಿ. ಮುಟ್ಟಿನ ದಿನಗಳಲ್ಲಿ ಕೊಡುವ ಹಾಗಿಲ್ಲ. ಹೆರಿಗೆಯಾದ ಮೇಲೆ 12 ತಿಂಗಳು, ಗರ್ಭಪಾತವಾದರೆ 6 ತಿಂಗಳು, ಮಗುವಿಗೆ ಹಾಲೂಡಿಸುವಷ್ಟು ಕಾಲವೂ ಬೇಡ. ಇದು ಹೆಂಗಸರನ್ನು ದೂರ ಇಡುವ ಮಡಿಮೈಲಿಗೆಯಲ್ಲ ಮಗಳೇ. ಆ ಹೊತ್ತಿನಲ್ಲಿ ಅವಳ ರಕ್ತ ಅವಳಿಗೇ ಬೇಕು.

ಇನ್ನು ಕಾಯಿಲೆಗಳ ವಿಷಯ. ನೆಗಡಿ, ಕೆಮ್ಮು ಇದ್ದರೆ ಪೂರ್ತಿ ವಾಸಿಯಾಗುವವರೆಗೆ ಬೇಡ. ಮಲೇರಿಯಾ ಬಂದಿದ್ದರೆ ಗುಣವಾದ ಮೇಲೆ 3 ತಿಂಗಳು, ಡೆಂಗಿ ಮತ್ತು ಚಿಕುನ್‌ಗುನ್ಯಾ ಆದರೆ 6 ತಿಂಗಳು, ಟೈಫಾಯ್ಡ್ ಆದರೆ 12 ತಿಂಗಳು ಕಾಯಬೇಕು. ಹಲ್ಲು ಕೀಳಿಸಿದ್ದರೆ 6 ತಿಂಗಳು, ದೊಡ್ಡ ಆಪರೇಷನ್ ಆಗಿದ್ದರೆ ಅಥವಾ ತಾನೇ ರಕ್ತ ಹಾಕಿಸಿಕೊಂಡಿದ್ದರೆ 12 ತಿಂಗಳು. ನಾಯಿ ಕಚ್ಚಿ ರೇಬಿಸ್ ಚುಚ್ಚುಮದ್ದು ತೆಗೆದುಕೊಂಡಿದ್ದರೆ ಒಂದು ವರ್ಷ. ಹಚ್ಚೆ ಹಾಕಿಸಿಕೊಂಡರೂ ಕಿವಿ ಮೂಗು ಚುಚ್ಚಿಸಿಕೊಂಡರೂ 12 ತಿಂಗಳು. ಜಾತ್ರೆಯಲ್ಲಿ, ಮಾಲ್‌ನಲ್ಲಿ ಹಾಕುವ ಹಚ್ಚೆಯ ಸೂಜಿ ನಿನಗಿಂತ ಮೊದಲು ಯಾರ ಮೈಯಲ್ಲಿತ್ತು ಎಂದು ಹೇಳುವವರಿಲ್ಲ. ಹೆಪಟೈಟಿಸ್ ಬಿ ಅಥವಾ ಸಿ ಇದ್ದವರು ಯಾವತ್ತೂ ಕೊಡುವಂತಿಲ್ಲ. ಯಾವ ಬಗೆಯ ಕಾಮಾಲೆ ಎಂದು ಗೊತ್ತಿಲ್ಲದಿದ್ದರೂ ಹಾಗೆಯೇ. ಕಾಮಾಲೆಗೆ ಊರಿನಲ್ಲಿ ಔಷಧಿ ಕುಡಿಸಿ ಸುಮ್ಮನಾಗುವ ಮನೆಗಳು ಇನ್ನೂ ಇವೆ. ಚಿಕ್ಕಂದಿನಲ್ಲಿ ನಿನಗೆ ಕಾಮಾಲೆ ಬಂದಿತ್ತೇ ಎಂದು ಹೋಗುವ ಮೊದಲು ಅಮ್ಮನನ್ನು ಕೇಳು.

ಇಷ್ಟು ಪಟ್ಟಿ ನೋಡಿ ಎಲ್ಲರೂ ಅನರ್ಹರೇ ಎಂದುಕೊಳ್ಳಬೇಡ. ಬಿ.ಪಿ. ಮಾತ್ರೆ ನುಂಗುವವರೂ ಒತ್ತಡ ಹತೋಟಿಯಲ್ಲಿದ್ದು, ಹಿಂದಿನ 28 ದಿನಗಳಲ್ಲಿ ಮಾತ್ರೆಯನ್ನಾಗಲಿ ಪ್ರಮಾಣವನ್ನಾಗಲಿ ಬದಲಿಸಿಲ್ಲದಿದ್ದರೆ, ಬೇರೆ ತೊಂದರೆ ಇಲ್ಲದಿದ್ದರೆ ಕೊಡಬಹುದು. ಶುಗರ್ ಇದ್ದು ಪಥ್ಯದಿಂದ ಅಥವಾ ಮಾತ್ರೆಯಿಂದ ಹಿಡಿತದಲ್ಲಿದ್ದರೆ ವೈದ್ಯರು ನೋಡಿ ಒಪ್ಪುತ್ತಾರೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಮಾತ್ರ ಆಗುವುದಿಲ್ಲ. ಥೈರಾಯ್ಡ್ ಮಾತ್ರೆಯಿಂದ ಸರಿಯಾಗಿರುವವರಿಗೂ ಅಡ್ಡಿಯಿಲ್ಲ. ಸಕ್ಕರೆ ಇದೆ, ನನ್ನ ರಕ್ತ ಯಾರಿಗೂ ಬರುವುದಿಲ್ಲ ಎಂದು ನಿಮ್ಮಪ್ಪ ತಾವೇ ತೀರ್ಮಾನಿಸಿ ಕುಳಿತಿದ್ದರೆ ಅವರನ್ನೂ ಕರೆದುಕೊಂಡು ಹೋಗು. ಕೊಡಬಹುದೋ ಬೇಡವೋ ಎಂದು ಹೇಳಬೇಕಾದವರು ಅಲ್ಲಿನ ವೈದ್ಯರು. ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮಾಡುವ ನಿನ್ನಣ್ಣನಿಗೆ ಮಾತ್ರ, ನಿದ್ದೆಗೆಟ್ಟು ಬೆಳಿಗ್ಗೆ ಸೀದಾ ಶಿಬಿರಕ್ಕೆ ಹೋಗಬೇಡ ಎಂದು ಹೇಳು. ಅಮೆರಿಕದಲ್ಲಿರುವ ಅತ್ತಿಗೆಗೆ ಅಲ್ಲಿಯದೇ ನಿಯಮ. ಅಲ್ಲಿ 56 ದಿನಕ್ಕೊಮ್ಮೆ ಕೊಡಬಹುದು, ಆದರೆ ಮಲೇರಿಯಾ ಇರುವ ಊರಿಗೆ ಹೋಗಿಬಂದಿದ್ದರೆ ಕಾಯಿಸುತ್ತಾರೆ.

ಈಗ ನಾನು ಬಹಳ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಫಾರಂನಲ್ಲಿ ನಾಚಿಕೆಯೆನಿಸುವ ಪ್ರಶ್ನೆಗಳೂ ಇರುತ್ತವೆ. ದೈಹಿಕ ಸಂಬಂಧದ ಬಗ್ಗೆ, ಚುಚ್ಚಿಕೊಳ್ಳುವ ಮಾದಕವಸ್ತುವಿನ ಬಗ್ಗೆ, ಲೈಂಗಿಕ ರೋಗದ ಬಗ್ಗೆ ಕೇಳುತ್ತಾರೆ. ಪಕ್ಕದಲ್ಲಿ ಗೆಳತಿಯರು ಇಣುಕುತ್ತಿರುವಾಗ ಎಲ್ಲದಕ್ಕೂ "ಇಲ್ಲ" ಎಂದು ಗೀಚಿ ಮುಂದೆ ಹೋಗುವುದು ಸುಲಭ. "ಹೇಗೂ ಟೆಸ್ಟ್ ಮಾಡ್ತಾರಲ್ಲ" ಎಂದು ಸಮಾಧಾನ ಹೇಳಿಕೊಳ್ಳುವವರೂ ಇದ್ದಾರೆ. ನಿಜ, ಪ್ರತಿ ಬ್ಯಾಗನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದಕ್ಕೆ ಪರೀಕ್ಷೆ ಮಾಡಲೇಬೇಕು. ಆದರೆ ವೈರಸ್ ಮೈಹೊಕ್ಕ ದಿನಕ್ಕೂ ಅದು ಪರೀಕ್ಷೆಯಲ್ಲಿ ಸಿಕ್ಕಿಬೀಳುವ ದಿನಕ್ಕೂ ನಡುವೆ ಒಂದಷ್ಟು ಕಾಲ ಇರುತ್ತದೆ. ವಿಂಡೋ ಪೀರಿಯಡ್ ಎನ್ನುತ್ತೇವೆ. ಆ ದಿನಗಳಲ್ಲಿ ರಿಪೋರ್ಟು ಚೊಕ್ಕಟವಾಗಿ ಬರುತ್ತದೆ, ರಕ್ತ ಮಾತ್ರ ಸೋಂಕು ಹೊತ್ತಿರುತ್ತದೆ. ಎಷ್ಟೇ ಹೊಸ ಯಂತ್ರ ಬಂದರೂ ಆ ಅವಧಿ ಕುಗ್ಗುತ್ತದೆಯೇ ಹೊರತು ಪೂರ್ತಿ ಇಲ್ಲವಾಗುವುದಿಲ್ಲ. ಅಲ್ಲಿ ರೋಗಿಯನ್ನು ಕಾಯುವುದು ದಾನಿಯ ನಾಲಿಗೆ ಒಂದೇ.

ಹಾಗಾಗಿ ಫಾರಂ ತುಂಬುವಾಗ ದೂರ ಹೋಗಿ ಒಬ್ಬಳೇ ಕುಳಿತುಕೋ. ಹೇಳಲು ಸಂಕೋಚವಾದರೆ ವೈದ್ಯರ ಹತ್ತಿರ ಒಂಟಿಯಾಗಿ ಮಾತಾಡಬೇಕು ಎನ್ನು. ಅದು ನಿನ್ನ ಹಕ್ಕು, ಅವರು ಗುಟ್ಟು ಕಾಪಾಡಬೇಕು. ಏನೂ ಹೇಳಲಾಗದಿದ್ದರೆ "ಇವತ್ತು ಮೈ ಸರಿಯಿಲ್ಲ" ಎಂದು ಎದ್ದು ಬಂದರೂ ಸಾಕು. ಕೊಟ್ಟ ಮೇಲೆ ಮನಸ್ಸಿಗೆ ಅನುಮಾನ ಬಂದರೆ, ಅಥವಾ ಮರುದಿನ ಜ್ವರ ಕಾಣಿಸಿಕೊಂಡರೆ, ಆ ಕೂಡಲೇ ಬ್ಲಡ್ ಬ್ಯಾಂಕಿಗೆ ಫೋನು ಮಾಡಿ ನನ್ನ ಬ್ಯಾಗು ಬಳಸಬೇಡಿ ಎಂದು ಹೇಳು. ಅವರು ಬೈಯುವುದಿಲ್ಲ. ಎಚ್‌ಐವಿ ಇದೆಯೋ ಇಲ್ಲವೋ ತಿಳಿದುಕೊಳ್ಳಲೆಂದು ರಕ್ತ ಕೊಡಲು ಹೋಗುವ ಹುಡುಗರಿದ್ದಾರೆ. ಆ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳ ಆಪ್ತಸಮಾಲೋಚನಾ ಕೇಂದ್ರದಲ್ಲಿ ಉಚಿತವಾಗಿ, ಗುಟ್ಟಾಗಿ ಆಗುತ್ತದೆ. ಅಲ್ಲಿಗೆ ಹೋಗಲಿ.

ಇದರ ಜೊತೆಗೇ ಇನ್ನೊಂದು ಸಂಗತಿ ಗೊತ್ತಿರಲಿ. 2017ರ ಮಾರ್ಗಸೂಚಿ ಲಿಂಗತ್ವ ಅಲ್ಪಸಂಖ್ಯಾತರನ್ನೂ ಇನ್ನು ಕೆಲವು ಸಮುದಾಯಗಳನ್ನೂ ರಕ್ತದಾನದಿಂದ ಶಾಶ್ವತವಾಗಿ ಹೊರಗಿಟ್ಟಿತು. ಇದು ಸರಿಯಲ್ಲ, ವ್ಯಕ್ತಿಯ ನಡವಳಿಕೆ ನೋಡಬೇಕೇ ಹೊರತು ಗುರುತನ್ನಲ್ಲ ಎಂಬ ವಾದ 2021ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ನಿಮ್ಮ ಶಿಬಿರಕ್ಕೆ ಅಂಥವರು ಯಾರಾದರೂ ಬಂದರೆ ಅವರನ್ನು ನಕ್ಕು ಕಳಿಸಬಾರದು. ಕೊಡುವ ಮನಸ್ಸು ಮಾಡಿ ಬಂದವರಿಗೆಲ್ಲ ಕುರ್ಚಿಯೂ ಮರ್ಯಾದೆಯೂ ಸಿಗಬೇಕು.

ಹಣ ಕೊಡುತ್ತೇವೆ ಎಂದು ಯಾರಾದರೂ ಕರೆದರೆ ಅತ್ತ ಹೆಜ್ಜೆ ಇಡಬೇಡ, ಗೆಳೆಯರನ್ನೂ ಹೋಗಲು ಬಿಡಬೇಡ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಆಸ್ಪತ್ರೆಗಳ ಗೇಟಿನ ಬಳಿ ರಕ್ತ ಮಾರಿ ಬದುಕುವವರು ಕುಳಿತಿರುತ್ತಿದ್ದರು. ಬಿಳುಚಿದ ಮುಖ, ಮೊಣಕೈ ಒಳಗೆ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಕಲೆ. ಒಂದು ಕಡೆ ಕೊಟ್ಟು ವಾರ ಕಳೆಯುವುದರೊಳಗೆ ಇನ್ನೊಂದು ಕಡೆ ಹೋಗುತ್ತಿದ್ದರು. ಹಣ ಬೇಕಾದವನು ಯಾವ ಪ್ರಶ್ನೆಗೆ ನಿಜ ಹೇಳಿಯಾನು? ಅವರ ರಕ್ತದಲ್ಲಿ ಕಣವೂ ಕಡಿಮೆ, ಸೋಂಕಿನ ಭಯವೂ ಹೆಚ್ಚು. ಎಚ್.ಡಿ. ಶೌರಿಯವರ ಕಾಮನ್ ಕಾಸ್ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಜನವರಿ 4ರಂದು ತೀರ್ಪು ಕೊಟ್ಟು, ಎರಡು ವರ್ಷದೊಳಗೆ ಈ ಮಾರಾಟ ನಿಲ್ಲಬೇಕು ಎಂದಿತು. 1998ರ ಜನವರಿ 1ರಿಂದ ದುಡ್ಡಿಗಾಗಿ ರಕ್ತ ಕೊಡುವುದಕ್ಕೆ ನಮ್ಮ ದೇಶದಲ್ಲಿ ನಿಷೇಧ ಬಂತು. ರೋಗಿಯ ಕಡೆಯವರು ಕಟ್ಟುವ ಹಣ ಬ್ಯಾಗು, ಪರೀಕ್ಷೆ, ಶೇಖರಣೆಗೆ ತಗಲುವ ಸಂಸ್ಕರಣಾ ಶುಲ್ಕ. ರಕ್ತಕ್ಕೆ ಬೆಲೆ ಇಲ್ಲ, ಇರಲೂಬಾರದು.

ನಿನ್ನ ಮೊಬೈಲಿಗೆ "ಅರ್ಜೆಂಟ್ ಬಿ ಪಾಸಿಟಿವ್ ಬೇಕು" ಎಂಬ ಸಂದೇಶ ದಿನಕ್ಕೊಂದು ಬರುತ್ತಿರಬಹುದು. ಅದರಲ್ಲಿ ತಾರೀಖು ಇದೆಯೇ, ಆಸ್ಪತ್ರೆಯ ಹೆಸರಿದೆಯೇ ನೋಡಿ, ಫೋನು ಮಾಡಿ ಖಚಿತವಾದ ಮೇಲಷ್ಟೇ ಮುಂದೆ ಕಳಿಸು. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ರಕ್ತ ತೆಗೆದ ಕೂಡಲೇ ರೋಗಿಗೆ ಏರಿಸಲು ಬರುವುದಿಲ್ಲ. ಗುಂಪು ನೋಡಬೇಕು, ಐದು ಪರೀಕ್ಷೆ ಆಗಬೇಕು, ಕಣಗಳನ್ನು ಬೇರ್ಪಡಿಸಬೇಕು, ಕೊನೆಗೆ ರೋಗಿಯ ರಕ್ತದ ಜೊತೆ ಕ್ರಾಸ್ ಮ್ಯಾಚ್ ಆಗಬೇಕು. ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲದೆ ರಾತ್ರಿ ಎರಡು ಗಂಟೆಗೆ ಬಂದ ಬಾಣಂತಿಯನ್ನು ಉಳಿಸುವುದು ಅವಳ ಗಂಡ ಊರೆಲ್ಲ ಓಡಾಡಿ ಹುಡುಕಿ ತಂದ ದಾನಿಯಲ್ಲ. ಹಿಂದಿನ ವಾರ ಯಾರ ಹಂಗೂ ಇಲ್ಲದೆ ಬಂದು ಕೊಟ್ಟು ಹೋದವರ ಬ್ಯಾಗು ಅವಳನ್ನು ಉಳಿಸುತ್ತದೆ. ಕರೆ ಬರುವ ಮೊದಲೇ ಕೊಡುವವರು ನಮಗೆ ಬೇಕು.

ಒಂದೇ ಬ್ಯಾಗು ಮೂವರಿಗೆ ಆಗುತ್ತದೆ. ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರ್ಪಡಿಸುತ್ತಾರೆ. ಪ್ಲಾಸ್ಮಾವನ್ನು ಗಟ್ಟಿಯಾಗಿ ಹೆಪ್ಪುಗಟ್ಟಿಸಿ ಒಂದು ವರ್ಷ ಇಡಬಹುದು. ಕೆಂಪುಕಣ ಫ್ರಿಜ್ಜಿನಲ್ಲಿ ಹೆಚ್ಚೆಂದರೆ 42 ದಿನ. ಪ್ಲೇಟ್‌ಲೆಟ್ ಐದೇ ದಿನ, ಅದೂ ಸದಾ ಅಲುಗಾಡುತ್ತಿರುವ ತಟ್ಟೆಯ ಮೇಲೆ. ಹೀಗಿರುವಾಗ ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ, ಆಗಸ್ಟ್ 15, ನಾಯಕರ ಹುಟ್ಟುಹಬ್ಬ ಎಂದು ಎಲ್ಲರೂ ಒಂದೇ ದಿನ ಸಾಲುಗಟ್ಟಿದರೆ ಏನು ಪ್ರಯೋಜನ? ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ಶಿಬಿರಗಳಿಲ್ಲ, ಫ್ರಿಜ್ಜುಗಳು ಖಾಲಿ. ಥಲಸ್ಸೇಮಿಯಾ ಇರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ಸಾಮಾನ್ಯವಾಗಿ ಬದುಕಿರುವವರೆಗೂ. ಅವರ ಕಾಯಿಲೆಗೆ ಬೇಸಿಗೆ ರಜೆಯಿಲ್ಲ. ನೀನು ರಜೆಗೆ ಊರಿಗೆ ಬಂದಾಗ ಜಿಲ್ಲಾಸ್ಪತ್ರೆಗೆ ಹೋಗಿ ಕೊಡು.

ನಿನ್ನ ಗುಂಪು ಯಾವುದೆಂದು ಗೊತ್ತಿರಲಿ. 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಗುರುತಿಸಿದ ಮೇಲೆಯೇ ಒಬ್ಬರ ರಕ್ತ ಇನ್ನೊಬ್ಬರಿಗೆ ಕೊಡುವುದು ಸುರಕ್ಷಿತವಾದದ್ದು. ಅವರು ಹುಟ್ಟಿದ ಜೂನ್ 14 ಈಗ ವಿಶ್ವ ರಕ್ತದಾನಿಗಳ ದಿನ. ನಮ್ಮಲ್ಲಿ ನೆಗೆಟಿವ್ ಗುಂಪಿನವರು ನೂರಕ್ಕೆ ಐದು ಮಂದಿ ಮಾತ್ರ. ಅದಕ್ಕಿಂತ ಅಪರೂಪದ್ದು 1952ರಲ್ಲಿ ವೈ.ಎಂ. ಭೇಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುರುತಿಸಿದ ಬಾಂಬೆ ಗುಂಪು. ಸಾಧಾರಣ ಪರೀಕ್ಷೆಯಲ್ಲಿ ಅದು ಓ ಗುಂಪಿನ ಹಾಗೆಯೇ ಕಾಣುತ್ತದೆ, ಆದರೆ ಅವರಿಗೆ ಓ ರಕ್ತ ಹಾಕಿದರೆ ಪ್ರಾಣಕ್ಕೇ ಅಪಾಯ. ಅದಕ್ಕೂ ಅಪರೂಪದ ಸಂಗತಿಯೊಂದಿದೆ, ಕೇಳು. ನಮ್ಮ ಕೋಲಾರದ ಮಹಿಳೆಯೊಬ್ಬರು 2024ರಲ್ಲಿ ಹೃದಯದ ಆಪರೇಷನ್ನಿಗೆ ದಾಖಲಾದಾಗ ಓ ಪಾಸಿಟಿವ್ ಗುಂಪಿನ ಯಾವ ಬ್ಯಾಗೂ ಅವರಿಗೆ ಹೊಂದಲಿಲ್ಲ, ಮನೆಮಂದಿಯ ರಕ್ತವೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರದವರು ಮಾದರಿಯನ್ನು ಇಂಗ್ಲೆಂಡಿನ ಬ್ರಿಸ್ಟಲ್‌ನ ಪ್ರಯೋಗಾಲಯಕ್ಕೆ ಕಳಿಸಿದರು. ತಿಂಗಳುಗಳ ಶೋಧನೆಯ ನಂತರ ಅದು ಜಗತ್ತಿನಲ್ಲಿ ಅದುವರೆಗೆ ಕಂಡಿರದ ಪ್ರತಿಜನಕ ಎಂದು ಗೊತ್ತಾಗಿ, 2025ರ ಜೂನ್‌ನಲ್ಲಿ ಕ್ರಿಬ್ ಎಂಬ ಹೆಸರಿನಿಂದ ಪ್ರಕಟವಾಯಿತು. ಅವರ ಆಪರೇಷನ್ ರಕ್ತವಿಲ್ಲದೆಯೇ ನಡೆಯಿತು. ನಿನ್ನದು ಅಪರೂಪದ ಗುಂಪೆಂದು ತಿಳಿದರೆ ಬ್ಲಡ್ ಬ್ಯಾಂಕಿನಲ್ಲಿ ಹೆಸರು, ಫೋನ್ ನಂಬರ್ ಬರೆಸಿ, ಯಾವಾಗ ಕೊಡಬೇಕೆಂದು ಅವರನ್ನೇ ಕೇಳು.

ಕಿಟಕಿಯ ಆಚೆಯಿಂದ "ಇದು ಯಾರ ರಕ್ತ? ನಮ್ಮವರದೇ ಕೊಡಿ" ಎಂದು ತಗ್ಗಿದ ದನಿಯಲ್ಲಿ ಕೇಳಿದವರನ್ನು ನಾನು ಕಂಡಿದ್ದೇನೆ. ಬ್ಯಾಗಿನ ಚೀಟಿಯಲ್ಲಿ ಯೂನಿಟ್ ನಂಬರ್ ಇರುತ್ತದೆ, ಗುಂಪು, ತೆಗೆದ ದಿನ, ಅವಧಿ ಮುಗಿಯುವ ದಿನ, ಪರೀಕ್ಷೆಯ ಫಲಿತಾಂಶ ಇರುತ್ತವೆ. ದಾನಿಯ ಹೆಸರಿಲ್ಲ, ಜಾತಿಯಿಲ್ಲ. ವೈದ್ಯಶಾಸ್ತ್ರ ಹೇಳುವುದಂತೂ ಅವರು ಕೇಳಿದ್ದಕ್ಕೆ ತದ್ವಿರುದ್ಧ. ತೀರ ಹತ್ತಿರದ ರಕ್ತಸಂಬಂಧಿಯ ಬಿಳಿಕಣಗಳನ್ನು ರೋಗಿಯ ಮೈ ಕೆಲವೊಮ್ಮೆ ಹೊರಗಿನವೆಂದು ಗುರುತಿಸುವುದೇ ಇಲ್ಲ; ಅವು ಅಲ್ಲೇ ಬೆಳೆದು ರೋಗಿಯ ಮೇಲೆಯೇ ತಿರುಗಿಬೀಳುತ್ತವೆ. ಇದು ಬಹಳ ವಿರಳ, ಆದರೆ ಬಂದರೆ ಬದುಕಿ ಉಳಿಯುವವರು ಕಡಿಮೆ. ಅದಕ್ಕೇ ಅಂಥ ರಕ್ತವನ್ನು ವಿಕಿರಣಕ್ಕೆ ಒಡ್ಡಿ ಕೊಡುತ್ತಾರೆ. ಅಪರಿಚಿತರ ರಕ್ತವೇ ಹೆಚ್ಚು ಕ್ಷೇಮ ಎಂಬುದನ್ನು ನಿಮ್ಮ ಪೀಳಿಗೆ ಮನಸಾರೆ ಒಪ್ಪಿಕೊಳ್ಳಬೇಕು.

ಶಿಬಿರದ ದಿನ ಏನು ಮಾಡಬೇಕು ಕೇಳು. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡು. ಉಪವಾಸದ ದಿನವಾದರೆ ಬೇರೆ ದಿನ ಹೋಗು. ಹೊಟ್ಟೆ ಬಿರಿಯುವಂತೆ ತಿನ್ನಬೇಡ, ಖಾಲಿ ಹೊಟ್ಟೆಯಲ್ಲೂ ಹೋಗಬೇಡ. ಎರಡು ಇಡ್ಲಿ ತಿಂದು ನೀರು ಕುಡಿದು ಹೊರಡು. ತೋಳು ಮೇಲೆ ಸರಿಸಲು ಬರುವಂಥ ಸಡಿಲವಾದ ಬಟ್ಟೆ ಇರಲಿ. ಹೊಚ್ಚ ಹೊಸ ಸೂಜಿ ಮತ್ತು ಬ್ಯಾಗನ್ನು ನಿನ್ನೆದುರೇ ಬಿಚ್ಚುತ್ತಾರೆ, ನೋಡಿಕೋ. ಮೊದಲು ಬರುವ ಸ್ವಲ್ಪ ರಕ್ತವನ್ನು ಪರೀಕ್ಷೆಗೆ ಬೇರೆ ತೆಗೆದಿಡುತ್ತಾರೆ. ಕೈಗೊಂದು ಮೆತ್ತನೆ ಚೆಂಡು ಕೊಡುತ್ತಾರೆ, ಅದನ್ನು ನಿಧಾನವಾಗಿ ಅದುಮುತ್ತಾ ಇರು. ಐದರಿಂದ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಮುಗಿದ ಕೂಡಲೇ ಎದ್ದು ಸೆಲ್ಫಿಗೆ ಓಡಬೇಡ. ಹತ್ತು ಹದಿನೈದು ನಿಮಿಷ ಮಲಗಿದ್ದು, ಕೊಟ್ಟ ಬಿಸ್ಕತ್ತು, ಜ್ಯೂಸು ತೆಗೆದುಕೋ. ಕಣ್ಣು ಕತ್ತಲೆ ಬಂದರೆ ನಾಚಿಕೆಪಡದೆ ಮಲಗಿ ಕಾಲು ಮೇಲೆತ್ತು, ಪಕ್ಕದವರಿಗೆ ಹೇಳು. ಆ ದಿನ ಗಾಡಿ ಓಡಿಸಬೇಡ, ಆ ಕೈಯಲ್ಲಿ ಭಾರ ಎತ್ತಬೇಡ. ನಿನ್ನ ಜೊತೆಯ ಹುಡುಗರಲ್ಲಿ ತೋಟದ ಮನೆಯವರಿದ್ದರೆ ಆವತ್ತು ಅಡಿಕೆ ಮರ, ತೆಂಗಿನ ಮರ ಹತ್ತಬಾರದು ಎಂದು ಒತ್ತಿ ಹೇಳು. ಮೇಲಿರುವಾಗ ತಲೆಸುತ್ತಿದರೆ ಹಿಡಿಯುವವರಿಲ್ಲ.

ಕೊನೆಗೂ ನಿನಗೆ ಆಗುವುದಿಲ್ಲ ಎಂದೇ ವೈದ್ಯರು ಹೇಳಿದರೆ ನಿನ್ನ ಕೆಲಸ ಮುಗಿಯಿತು ಎಂದುಕೊಳ್ಳಬೇಡ. ನೋಂದಣಿ ಮೇಜಿನ ಹಿಂದೆ ಕೂರು. ಹೆದರಿದವರ ಪಕ್ಕ ನಿಂತು ಮಾತಾಡಿಸು. ಯಾರು ಯಾವಾಗ ಕೊಟ್ಟರು ಎಂದು ಬರೆದಿಟ್ಟು, 90 ದಿನ, 120 ದಿನ ಕಳೆದವರಿಗೆ ಫೋನು ಮಾಡಿ ನೆನಪಿಸು. ಬ್ಲಡ್ ಬ್ಯಾಂಕಿನವರಿಗೆ ಇಂಥ ಒಬ್ಬಳು ಸಿಕ್ಕಿದರೆ ಬಹಳ ದೊಡ್ಡ ಆಸರೆ.

ಆಗುತ್ತದೆ ಎಂದರೆ ಇದನ್ನು ಒಂದು ದಿನದ ಉತ್ಸಾಹಕ್ಕೆ ಬಿಡಬೇಡ. ಕೊಟ್ಟ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮುಂದೆ 120 ದಿನ ಎಣಿಸಿ ಇನ್ನೊಂದು ಗುರುತು ಹಾಕು. ವರ್ಷಕ್ಕೆ ಎರಡೇ ಸಲ ಕೊಟ್ಟರೂ 18ರಿಂದ 65ರವರೆಗೆ ನಿನ್ನೊಬ್ಬಳಿಂದ ಎಷ್ಟು ಮನೆಗಳ ದುಃಖ ತಪ್ಪುತ್ತದೆ ಎಂದು ನೀನೇ ಲೆಕ್ಕ ಹಾಕಿಕೋ. ಪ್ರತಿ ಸಲವೂ ಅದೇ ಫಾರಂ ಮತ್ತೆ ಕೈಗೆ ಬರುತ್ತದೆ. ಹೋದ ಸಲ ತುಂಬಿದ್ದೆನಲ್ಲ ಎಂದು ಕಣ್ಣುಮುಚ್ಚಿ ಗೀಚದೆ ಪ್ರತಿ ಸಲವೂ ಓದಿ, ನಿಜವನ್ನೇ ಬರೆ. ವೈದ್ಯರು ಸರಿ ಎಂದರೆ ತೋಳು ಚಾಚು. ಬೇಡ ಎಂದರೆ ಕಾರಣ ಕೇಳಿ ತಿಳಿದುಕೋ. ಸರಿಪಡಿಸಿಕೊಳ್ಳುವಂಥದ್ದಾದರೆ ಸರಿಪಡಿಸಿಕೊಂಡು ಮತ್ತೆ ಹೋಗು.

ನಿನ್ನ ಒಳಿತನ್ನೇ ಬಯಸುವ,
ದೊಡ್ಡಮ್ಮ